ಗಿಟಾರಿನದಲ್ಲ ತಪ್ಪು

ಹಂಪಿ ಉತ್ಸವದ ವೇದಿಕೆಗೆ ಬ್ಯಾಂಡಿನವರು ಹತ್ತಿದರೆ ಸಾಕು, ಮುಂದಿನ ಸಾಲಿನ ಹಿರಿಯರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಪುರಂದರ ಮಂಟಪದ ಊರಲ್ಲಿ ಡ್ರಮ್ಸ್ ಯಾಕೆ, ತತ್ವಪದಕ್ಕೆ ಗಿಟಾರು ಯಾಕೆ ಎಂಬ ಗೊಣಗಾಟ ಮರುದಿನ ಹೊಸಪೇಟೆಯ ಚಹಾದಂಗಡಿಯಲ್ಲೂ ಮುಂದುವರಿಯುತ್ತದೆ. ಮಾತು ಭಕ್ತಿಯದು, ಇತಿಹಾಸ ಮಾತ್ರ ಅದರ ಬೆನ್ನಿಗಿಲ್ಲ.

ರಘು ದೀಕ್ಷಿತ್ ಅವರ ಬ್ಯಾಂಡನ್ನೇ ನೋಡಿ. 2008ರ ‘ಅಂತರಾಗ್ನಿ’ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದವೂ ಗುಡುಗುಡಿಯ ಪದವೂ ಇವೆ. ಶರೀಫರನ್ನು ಕೆಡಿಸಿದರು ಎನ್ನುವವರ ಕಿವಿಯಲ್ಲಿ ಕೂತಿರುವುದು ಗಾಯಕ ಸಿ. ಅಶ್ವಥ್ ಅವರ ಧಾಟಿ. ಅದೇನು 1889ರಲ್ಲಿ ತೀರಿಕೊಂಡ ಶರೀಫರು ಹಾಡಿಕೊಟ್ಟು ಹೋದದ್ದೇ? ಕ್ಯಾಸೆಟ್ ಕಾಲದ ಕೂಸು ಅದು. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಿಂದ ಇನ್ನಷ್ಟು ಮನೆ ಮುಟ್ಟಿತು. ದಾಸರ ಪದಗಳದ್ದೂ ಇದೇ ಕಥೆ. ಭೀಮಸೇನ ಜೋಶಿಯವರ ದಾಸವಾಣಿ ಹಿಂದೂಸ್ತಾನಿ ಜಾಡಿನದು, ಮದ್ರಾಸಿನ ಸಭೆಗಳ ದೇವರನಾಮ ಕರ್ನಾಟಕ ಸಂಗೀತದ್ದು. ಎರಡಕ್ಕೂ ತಲೆದೂಗುವವರು ಮೂರನೆಯದಾದ ಬ್ಯಾಂಡಿಗೆ ಮಾತ್ರ ಮಡಿ ಉಡುತ್ತಾರೆ.

ಹಳೆಯ ಪದ ಬ್ಯಾಂಡಿನ ಕೈಗೆ ಸಿಕ್ಕರೆ ಕೆಡುತ್ತದೆಯೇ? ಅಮೆರಿಕದ ನಿರ್ವಾಣ ಬ್ಯಾಂಡು 1993ರಲ್ಲಿ ಎಂಟಿವಿ ಕಾರ್ಯಕ್ರಮದ ಕೊನೆಗೆ ಹಾಡಿದ್ದು ತನ್ನ ಹೆಸರಾಂತ ಹಾಡನ್ನಲ್ಲ. ಲೆಡ್ ಬೆಲ್ಲಿ ಎಂಬ ಕಪ್ಪು ಗಾಯಕ ಹಾಡಿಟ್ಟಿದ್ದ, ಬೆಟ್ಟಸೀಮೆಯ ಹಳೆಯ ಜನಪದ ಹಾಡನ್ನು. ಬ್ಯಾಂಡಿನ ಗಾಯಕ ಕರ್ಟ್ ಕೋಬೇನನ ಗಂಟಲು ಕೊನೆಯ ಸಾಲಿನಲ್ಲಿ ಬಿರಿಯುವುದನ್ನು ಕೇಳಿದರೆ ಜನಪದ ಹಾಳಾಯಿತು ಅನ್ನಿಸುವುದಿಲ್ಲ.

ಇನ್ನು ಅಬ್ಬರ ನಮ್ಮದಲ್ಲ ಎಂಬ ಮಾತು. 2014ರಲ್ಲಿ ತೀರಿಕೊಂಡ, ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆ ಹಾಡುತ್ತಿದ್ದವರು. ಮುಂದಾಳಿನ ಕೈಯಲ್ಲಿ ತಂಬೂರಿ, ಪಕ್ಕದಲ್ಲಿ ಚರ್ಮವಾದ್ಯ ಬಾರಿಸುತ್ತ ಸೊಲ್ಲು ಎತ್ತಿಕೊಳ್ಳುವ ಜೊತೆಗಾರರು, ನಡುನಡುವೆ ಮಾತು, ಹೆಜ್ಜೆ, ಕೇಕೆ: ಇದು ಬ್ಯಾಂಡಲ್ಲದೆ ಮತ್ತೇನು? ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಕಾಲಿಗೆ ಗೆಜ್ಜೆ ಕಟ್ಟಿ, ಲುಂಗಿ ಉಟ್ಟು ಕುಣಿಯುವ ರಘು ದೀಕ್ಷಿತ್, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಹಾಡುವ ಸುಗಮ ಸಂಗೀತದವರಿಗಿಂತ ಈ ಈರಮ್ಮನಿಗೇ ಹತ್ತಿರ.

ನನ್ನ ತಕರಾರು ಬೇರೆ ಇದೆ. ಬ್ಯಾಂಡುಗಳು ವಾದ್ಯ ಬದಲಿಸುವಷ್ಟು ಧೈರ್ಯವನ್ನು ಹಾಡು ಆರಿಸುವಾಗ ತೋರಿಸುವುದಿಲ್ಲ. ಅಶ್ವಥ್ ಆಗಲೇ ಗೆಲ್ಲಿಸಿಕೊಟ್ಟ ನಾಲ್ಕಾರು ಪದಗಳ ಸುತ್ತಲೇ ತಿರುಗುತ್ತವೆ; ಮೊದಲ ಸೊಲ್ಲಿಗೇ ಚಪ್ಪಾಳೆ ಗ್ಯಾರಂಟಿ. ಈರಮ್ಮ ಹಾಡುತ್ತಿದ್ದ ಕುಮಾರರಾಮನ ಕಥೆ ಇದೇ ಮಣ್ಣಿನದು. ಕಂಪ್ಲಿಯ ದೊರೆಯ ಮಗ, ಮಲತಾಯಿಯ ಮೋಹ, ದಿಲ್ಲಿಯ ದಂಡು, ಕಡಿದ ತಲೆ. ಒಂದು ಇಡೀ ಆಲ್ಬಮ್ಮಿಗಾಗುವಷ್ಟು ಸರಕು. ಉತ್ಸವದಲ್ಲಿ ನಾನು ಕೇಳಿದ ಯಾವ ಬ್ಯಾಂಡೂ ಅದನ್ನು ಮುಟ್ಟಲಿಲ್ಲ. ಮುಂದಿನ ಸಾಲಿನ ಹಿರಿಯರೂ ಅದನ್ನು ಕೇಳಲಿಲ್ಲ ಅನ್ನಿ.