ಕಡಲ ಮೇಲೊಂದು ಖಾಲಿ ದಿನ

ಮಕ್ಕಳನ್ನು ಕರೆದುಕೊಂಡು ಎರಡು ಮೂರು ರಾತ್ರಿಯ ಹಡಗಿನ ಪ್ರವಾಸಕ್ಕೆ ಹೊರಡುವವರು ಮೊದಲು ಕೇಳುವ ಪ್ರಶ್ನೆ, ‘ಯಾವ ಯಾವ ಊರು ತೋರಿಸ್ತಾರೆ?’ ಬಸ್ಸು, ರೈಲಿನ ಪ್ರವಾಸಕ್ಕೆ ಈ ಪ್ರಶ್ನೆ ಸರಿ. ಹಡಗಿಗೆ ಇದು ಹೊಂದುವುದಿಲ್ಲ. ಗೋವಾ ನೋಡುವುದೇ ಆಸೆಯಾದರೆ ಹುಬ್ಬಳ್ಳಿಯಿಂದ ಅರ್ಧ ದಿನದ ದಾರಿ. ಅದಕ್ಕೆ ಮುಂಬೈಗೆ ಹೋಗಿ ಹಡಗು ಹತ್ತಬೇಕಿಲ್ಲ. ಹಡಗು ಹತ್ತುವುದು ಸಮುದ್ರಕ್ಕಾಗಿ. ಸುತ್ತ ಎಲ್ಲಿ ನೋಡಿದರೂ ದಡವೇ ಕಾಣದ ನೀರಿನ ನಡುವೆ ಒಂದು ಇಡೀ ಹಗಲು ಕಳೆಯುವ ಅವಕಾಶ ಬೇರೆ ಯಾವ ಪ್ರವಾಸದಲ್ಲೂ ಸಿಗದು. ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ: ವೇಳಾಪಟ್ಟಿಯಲ್ಲಿ ‘ಅಟ್ ಸೀ’ ಎಂದು ಬರೆದ ದಿನವೊಂದು ಇದೆಯೇ ನೋಡಿ. ಯಾವ ಬಂದರಿಗೂ ಹೋಗದ ಆ ದಿನವೇ ನೀವು ಕೊಡುವ ದುಡ್ಡಿಗೆ ನಿಜವಾಗಿ ಸಿಗುವ ಬೆಲೆ.

ನಮ್ಮ ದೇಶದ ಕುಟುಂಬಗಳಿಗೆ ಹೆಚ್ಚು ಪರಿಚಿತವಾದ ವಿಹಾರ ನೌಕೆ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’. 2021ರಲ್ಲಿ ಮುಂಬೈಯಿಂದ ಓಡಾಟ ಆರಂಭಿಸಿದ ಈ ಹಡಗಿನ ಹಿಂದಿನ ಕಥೆ ನಮ್ಮ ಇಂದಿನ ವಿಷಯಕ್ಕೆ ನೇರ ಸಂಬಂಧಿಸಿದ್ದು. ಫ್ರಾನ್ಸಿನ ಸಾಂ ನಜೇರ್‌ನಲ್ಲಿ ಕಟ್ಟಿದ ಇದು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗೆ ಬಂತು. ಹೊಸ ದೊಡ್ಡ ಹಡಗುಗಳನ್ನು ವಾರದುದ್ದದ ಯಾನಕ್ಕೆಂದು ಕಟ್ಟುತ್ತಿದ್ದ ಆ ಕಾಲದಲ್ಲಿ ಇದನ್ನು ಮೂರು, ನಾಲ್ಕು ರಾತ್ರಿಯ ಸಣ್ಣ ಯಾನಕ್ಕೆಂದೇ ರೂಪಿಸಿದ್ದರು. ಮಯಾಮಿಯಿಂದ ಬಹಾಮಾಸ್ ಕಡೆಗೆ ಹೋಗಿಬರುವುದು ಆಗ ಅದರ ಕೆಲಸ. ಉದ್ದ ಸುಮಾರು 210 ಮೀಟರ್, ಹಿಡಿಸುವ ಪ್ರಯಾಣಿಕರು 1,800ರ ಆಸುಪಾಸು. ಐದಾರು ಸಾವಿರ ಜನ ಹಿಡಿಸುವ ಇಂದಿನ ಹಡಗುಗಳ ಮುಂದೆ ಇದು ಚಿಕ್ಕದು. ಮಕ್ಕಳಿರುವ ಮನೆಯವರಿಗೆ ಆ ಚಿಕ್ಕತನವೇ ವರ. ಎಂಟು ವರ್ಷದ ಮಗು ಅರ್ಧ ದಿನದಲ್ಲಿ ದಾರಿ ಕಲಿತುಬಿಡುತ್ತದೆ. ಅಜ್ಜಿ, ತಾತ ಊಟದ ಹಾಲಿನಿಂದ ಕೋಣೆಗೆ ಬರಲು ಅರ್ಧ ಕಿಲೋಮೀಟರ್ ನಡೆಯಬೇಕಿಲ್ಲ.

ಹಡಗು ಗೊತ್ತಾದ ಮೇಲೆ ನಿಶ್ಚಯಿಸಬೇಕಾದದ್ದು ತಿಂಗಳು. ಇದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಂಕಣ ರೈಲ್ವೆ ಬರುವುದಕ್ಕೆ ಬಹಳ ಮುಂಚೆ, ಮಂಗಳೂರು, ಉಡುಪಿ ಕಡೆಯ ಎಷ್ಟೋ ಹುಡುಗರು ಹೋಟೆಲ್ ಕೆಲಸ ಹುಡುಕಿಕೊಂಡು ಮುಂಬೈಗೆ ಹೋದದ್ದು ಸ್ಟೀಮರಿನಲ್ಲಿ. ಮಳೆಗಾಲ ಹಿಡಿಯಿತೆಂದರೆ ಆ ಸ್ಟೀಮರುಗಳ ಓಡಾಟ ನಿಲ್ಲುತ್ತಿತ್ತು. ಇಂದಿಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನೋತ್ಪತ್ತಿ ಅದಕ್ಕೆ ಮುಖ್ಯ ಕಾರಣವಾದರೂ, ಆ ತಿಂಗಳುಗಳ ಕಡಲು ಹೇಗಿರುತ್ತದೆಂದು ಮಲ್ಪೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡ ಹಡಗು ಆಗಲೂ ತೇಲುತ್ತದೆ, ಆದರೆ ಮಕ್ಕಳ ಹೊಟ್ಟೆ ತಡೆಯುವುದಿಲ್ಲ. ದಸರಾ ರಜೆಯಲ್ಲಿ ಹೋಗಬಹುದು. ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಸಾಧ್ಯತೆ ಇರುವುದರಿಂದ ಟಿಕೆಟ್ ರದ್ದತಿಯ ನಿಯಮ ಓದಿಕೊಂಡಿರಿ. ಮೇ ತಿಂಗಳ ಕೊನೆಯ ವಾರಗಳು ಬೇಡ. ಡಿಸೆಂಬರ್ ನಡುವಿನಿಂದ ಮಾರ್ಚ್ ಮೊದಲ ಭಾಗದವರೆಗೆ ಕಡಲು ಶಾಂತ, ಗಾಳಿ ಹಿತ. ಕ್ರಿಸ್‌ಮಸ್ ವಾರ ದುಬಾರಿ. ನಾನು ಆರಿಸುವುದಾದರೆ ಸಂಕ್ರಾಂತಿ ಅಥವಾ ಗಣರಾಜ್ಯೋತ್ಸವ ವಾರಾಂತ್ಯಕ್ಕೆ ಅಂಟಿಕೊಂಡು ಬರುವ ವರ್ಷಗಳಲ್ಲಿ ಆ ರಜೆಯನ್ನೇ ಆರಿಸುತ್ತೇನೆ.

ಕೋಣೆಯ ಆಯ್ಕೆಯಲ್ಲಿ ಹೆಚ್ಚಿನವರು ನೋಡುವುದು ಬೆಲೆ ಮತ್ತು ಬಾಲ್ಕನಿ. ಮೊದಲು ನೋಡಬೇಕಾದದ್ದು ಅದು ಹಡಗಿನ ಯಾವ ಭಾಗದಲ್ಲಿದೆ ಎಂಬುದನ್ನು. ಅಲೆಗೆ ಎದುರಾಗಿ ಸಾಗುವಾಗ ಹಡಗು ತಕ್ಕಡಿಯ ದಂಡದಂತೆ ವರ್ತಿಸುತ್ತದೆ: ಎರಡು ತುದಿಗಳು ಏರಿಳಿಯುತ್ತವೆ, ನಡುಭಾಗ ಬಹುಮಟ್ಟಿಗೆ ನಿಂತಲ್ಲೇ ಇರುತ್ತದೆ. ಪಕ್ಕಕ್ಕೆ ವಾಲುವುದನ್ನು ತಗ್ಗಿಸಲು ದೊಡ್ಡ ಹಡಗುಗಳ ಹೊಟ್ಟೆಯ ಎರಡೂ ಬದಿಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ, ಆದರೆ ಮುಂದು ಹಿಂದಿನ ಏರಿಳಿತಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಕೆಳಗಿನ ಡೆಕ್ಕು, ನಡುಭಾಗ, ಕಿಟಕಿ ಇರುವ ಕೋಣೆ, ಇವು ಮೂರೂ ಕೂಡಿದ ಕೋಣೆಯೇ ಮಕ್ಕಳಿರುವ ಕುಟುಂಬಕ್ಕೆ ಅತ್ಯುತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬಾಲ್ಕನಿ ಕೋಣೆಗಿಂತ ಅಗ್ಗವೂ ಹೌದು. ತೊಡೆ ಎತ್ತರದ ಮಗುವಿರುವ ಮನೆಯವರು ಬಾಲ್ಕನಿಯನ್ನು ಬಿಟ್ಟುಬಿಡಿ. ತೆಗೆದುಕೊಂಡರೆ ಕುರ್ಚಿಯನ್ನು ಕಟಕಟೆಯ ಹತ್ತಿರ ಇಡಬೇಡಿ, ಬಾಗಿಲಿನ ಮೇಲಿನ ಚಿಲಕ ಸದಾ ಹಾಕಿರಲಿ.

ಬದಿಯ ಬಗ್ಗೆಯೂ ಒಂದು ಮಾತು. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಪಶ್ಚಿಮ ಬಲಗಡೆ, ಹಡಗಿನವರು ಸ್ಟಾರ್‌ಬೋರ್ಡ್ ಎನ್ನುವ ಬದಿ. ಹಿಂತಿರುಗುವಾಗ ಅದೇ ಪಶ್ಚಿಮ ಎಡಗಡೆ, ಅಂದರೆ ಪೋರ್ಟ್ ಬದಿಗೆ ಬರುತ್ತದೆ. ಯಾವ ಸಂಜೆ ನೀವು ಕೋಣೆಯಲ್ಲಿರುವಿರೋ ಆ ಲೆಕ್ಕದಲ್ಲಿ ಕಿಟಕಿ ಆರಿಸಿ. ಮೊದಲ ಸಂಜೆ ಮಾತ್ರ ಯಾರೂ ಕೋಣೆಯಲ್ಲಿರಬಾರದು. ಹಡಗು ಬಂದರು ಬಿಡುವಾಗ ಎಲ್ಲರೂ ಮೇಲಿನ ಡೆಕ್ಕಿನಲ್ಲಿರಬೇಕು. ಬಲಕ್ಕೆ ಕೊಲಾಬಾ ತುದಿಯ ಆಚೆ 1875ರ ಪ್ರಾಂಗ್ಸ್ ದೀಪಸ್ತಂಭ, ಎಡಕ್ಕೆ ಅಲಿಬಾಗ್ ಕಡೆಯ ಸಮುದ್ರದಲ್ಲಿ ಖಾಂದೇರಿ ದ್ವೀಪದ ಕೋಟೆ. ಮರಾಠಾ ಕೋಟೆಗಳ ಗುಚ್ಛದಲ್ಲಿ ಖಾಂದೇರಿಯೂ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಶಿವಾಜಿಯ ಕಾಲದ ಈ ಜಲದುರ್ಗವನ್ನು ನೀರಿನ ಮೇಲಿಂದಲೇ ನೋಡುವ ಮಗುವಿಗೆ ಅದನ್ನು ಸಮುದ್ರದಲ್ಲಿ ಏಕೆ ಕಟ್ಟಿದರೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಹಡಗು ಹತ್ತಿದ ಕೂಡಲೇ ಸುರಕ್ಷತಾ ಕವಾಯತು ಇರುತ್ತದೆ. ಇದನ್ನು ತಪ್ಪಿಸಿಕೊಂಡು ಊಟಕ್ಕೆ ಓಡುವವರನ್ನು ಕಂಡರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. 2012ರ ಜನವರಿ 13ರಂದು ಇಟಲಿಯ ದಡದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ವಾಲಿದಾಗ, ಆ ದಿನವಷ್ಟೇ ಹತ್ತಿದ್ದ ಪ್ರಯಾಣಿಕರಿಗೆ ಕವಾಯತು ಆಗಿರಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣ ಕವಾಯತು ನಡೆಯಲೇಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ಬಿಗಿಗೊಳಿಸಿದ್ದು ಆಮೇಲೆ. ಏಳು ಗಿಡ್ಡ ಸಿಳ್ಳು, ಒಂದು ಉದ್ದ ಸಿಳ್ಳು, ಇದು ಅಪಾಯದ ಸಂಕೇತ. ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿ. ಕೋಣೆಯಲ್ಲಿರುವ ಲೈಫ್ ಜಾಕೆಟ್ ದೊಡ್ಡವರ ಅಳತೆಯದಾಗಿದ್ದರೆ ಮಕ್ಕಳ ಅಳತೆಯದನ್ನು ಕೇಳಿ ಪಡೆಯಿರಿ. ಅವನ್ನು ಇಟ್ಟಿರುವುದು ಕಾನೂನಿನಂತೆ ಕಡ್ಡಾಯ. ಕೋಣೆಯಿಂದ ಸೇರುವ ಜಾಗಕ್ಕೆ ಮಕ್ಕಳೇ ಮುಂದೆ ನಡೆದು ದಾರಿ ತೋರಿಸಲಿ.

ಹಡಗಿನ ತಲೆಸುತ್ತು ಹೆಚ್ಚಾಗಿ ಕಾಡುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನು. ಕಣ್ಣಿಗೆ ಕೋಣೆ ನಿಂತಂತೆ ಕಾಣುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಅದು ಅಲುಗುತ್ತಿದೆ ಎನ್ನುತ್ತದೆ. ಈ ಎರಡು ವರದಿ ತಾಳೆಯಾಗದಾಗ ಹೊಟ್ಟೆ ತೊಳಸುತ್ತದೆ. ಮಗುವನ್ನು ಹೊರಗಿನ ಗಾಳಿಗೆ ಕರೆತಂದು ದಿಗಂತದ ಗೆರೆಯನ್ನು ನೋಡುತ್ತ ನಿಲ್ಲಿಸಿದರೆ ಕಣ್ಣು, ಕಿವಿ ಒಂದೇ ಮಾತು ಹೇಳತೊಡಗುತ್ತವೆ. ಪುಸ್ತಕ, ಮೊಬೈಲು ಆಗ ಬೇಡ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಬಿರಿಯುವಷ್ಟೂ ತುಂಬಬಾರದು. ಮಾತ್ರೆ ವಾಂತಿ ಶುರುವಾದ ಮೇಲೆ ಕೊಟ್ಟರೆ ಉಪಯೋಗ ಕಡಿಮೆ, ಮೊದಲೇ ಕೊಡಬೇಕು. ಪ್ರೊಮೆಥಜೀನ್ ಇರುವ ಮಾತ್ರೆಗಳನ್ನು ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ಉಳಿದ ಮಕ್ಕಳಿಗೂ ಊರು ಬಿಡುವ ಮುನ್ನ ವೈದ್ಯರಿಂದ ಪ್ರಮಾಣ ಬರೆಸಿಕೊಳ್ಳಿ. ಇನ್ನು ಕೈ ತೊಳೆಯುವ ವಿಚಾರ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, ಇಪ್ಪತ್ತು ಸೆಕೆಂಡ್. ಬುಫೆಯ ಸೌಟು ಮುಟ್ಟಿದ ಮೇಲೆ, ತಿನ್ನುವ ಮೊದಲು, ಇದನ್ನೇ ರೂಢಿ ಮಾಡಿಸಿ.

ಚೀಲದ ವಿಷಯ ಚುಟುಕಾಗಿ ಹೇಳುತ್ತೇನೆ. ದೊಡ್ಡ ಸೂಟ್‌ಕೇಸು ಕೋಣೆಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ, ಈಜುಡುಗೆ, ಔಷಧ, ಒಂದು ಜತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಳಗೆ ಬಿಡುವುದಿಲ್ಲ. ಮಕ್ಕಳ ಗುರುತಿನ ದಾಖಲೆ ಮೂಲಪ್ರತಿಯೇ ಬೇಕು. ಹೆಚ್ಚಿನ ಕಂಪನಿಗಳು ಆರು ತಿಂಗಳಾಗದ ಕೂಸುಗಳನ್ನು ಹತ್ತಿಸಿಕೊಳ್ಳುವುದಿಲ್ಲ. ಜಾಹೀರಾತಿನ ದರ ಇಬ್ಬರು ಹಂಚಿಕೊಳ್ಳುವ ಕೋಣೆಯಲ್ಲಿ ತಲೆಗಿಷ್ಟು ಎಂಬ ಲೆಕ್ಕದ್ದು. ಬಂದರು ಶುಲ್ಕ, ತೆರಿಗೆ, ಸೇವಾ ಭಕ್ಷೀಸು ಸೇರಿಸಿದ ಮೊತ್ತವನ್ನೇ ಕೇಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಹಡಗಿನ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ಲು ಭಾರೀ ಬರುತ್ತದೆ.

ಗೋವಾದಲ್ಲಿ ಹಡಗು ನಿಲ್ಲುವುದು ಮೊರ್ಮುಗಾವ್ ಬಂದರಿನಲ್ಲಿ. ಅಲ್ಲಿಂದ ಉತ್ತರದ ಬೀಚುಗಳಿಗೆ ಓಡಿದರೆ ಸಿಕ್ಕ ಕೆಲವೇ ಗಂಟೆ ಟ್ಯಾಕ್ಸಿಯಲ್ಲೇ ಮುಗಿಯುತ್ತದೆ. ಹತ್ತಿರದ ಬೊಗ್ಮಾಲೊ ಬೀಚು, ಅದರ ದಾರಿಯಲ್ಲಿರುವ ನೌಕಾ ವಾಯುಯಾನ ವಸ್ತುಸಂಗ್ರಹಾಲಯ ಸಾಕು. ಸೀ ಹ್ಯಾರಿಯರ್ ವಿಮಾನದ ಪಕ್ಕ ನಿಂತ ಮಕ್ಕಳನ್ನು ಅಲ್ಲಿಂದ ಕದಲಿಸುವುದು ಕಷ್ಟ. ಯಾರಿಗೂ ಇಳಿಯಲು ಮನಸ್ಸಿಲ್ಲವೆಂದರೆ ಇನ್ನೂ ಒಳ್ಳೆಯದು. ಎಲ್ಲರೂ ಊರಿಗೆ ಹೋದ ಹೊತ್ತಿನಲ್ಲಿ ಈಜುಕೊಳ ನಿಮ್ಮದೇ.

ಈಗ ಆ ಖಾಲಿ ದಿನಕ್ಕೆ ಬರೋಣ. ಬೆಳಗಿನಿಂದ ರಾತ್ರಿಯವರೆಗೆ ಕಾರ್ಯಕ್ರಮಗಳ ಪಟ್ಟಿ ಕೋಣೆಗೆ ಬರುತ್ತದೆ. ಅದರಲ್ಲಿ ಎರಡನ್ನು ಮಾತ್ರ ಆರಿಸಿ, ಉಳಿದ ಹೊತ್ತನ್ನು ಡೆಕ್ಕಿಗೆ ಕೊಡಿ. ಕಡಲತಡಿಯಲ್ಲಿ ನಿಂತ, ಕಣ್ಣಿನ ಎತ್ತರ ಒಂದು ಮೀಟರ್ ಇರುವ ಮಗುವಿಗೆ ದಿಗಂತ ಸುಮಾರು 3.6 ಕಿಲೋಮೀಟರ್ ದೂರ. ನೀರಿನಿಂದ 25 ಮೀಟರ್ ಎತ್ತರದ ಡೆಕ್ಕಿಗೆ ಬಂದರೆ ಅದೇ ಮಗುವಿಗೆ 18 ಕಿಲೋಮೀಟರ್‌ವರೆಗಿನ ಸಮುದ್ರ ಕಾಣುತ್ತದೆ. ಭೂಮಿ ಗುಂಡಗಿದೆ ಎಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಇಲ್ಲ: ದೂರದಿಂದ ಬರುವ ಹಡಗಿನ ತುದಿ ಮೊದಲು ಕಾಣುತ್ತದೆ, ಒಡಲು ಆಮೇಲೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ವೇಗವನ್ನು ಕೇಳಿ ತಿಳಿದು, ರಾತ್ರಿಯಿಡೀ ಎಷ್ಟು ದೂರ ಬಂದೆವೆಂದು ಲೆಕ್ಕ ಹಾಕಲಿ. ಕತ್ತಲಾದ ಮೇಲೆ ಎದುರಿನ ಹಡಗಿನ ದೀಪ ನೋಡಲಿ. ಕೆಂಪು ಅದರ ಎಡಬದಿ, ಹಸಿರು ಬಲಬದಿ, ಎರಡೂ ಒಟ್ಟಿಗೆ ಕಂಡರೆ ಅದು ನಮ್ಮತ್ತಲೇ ಮುಖ ಮಾಡಿದೆ. ಮಕ್ಕಳಿಗೆ ಬೇಸರ ಬಂದರೆ ಬರಲಿ. ಒಂದು ಗಂಟೆ ಬೇಸರಪಟ್ಟ ಮಗು ಆಮೇಲೆ ತಾನಾಗಿ ಕಟಕಟೆ ಹಿಡಿದು ಹಾರುವ ಮೀನು ಹುಡುಕತೊಡಗುತ್ತದೆ, ಡಾಲ್ಫಿನ್‌ಗಾಗಿ ಕಾಯತೊಡಗುತ್ತದೆ.

ಈ ರುಚಿ ಹತ್ತಿದವರಿಗೆ ಮುಂದಿನ ಮೆಟ್ಟಿಲು ಲಕ್ಷದ್ವೀಪ. ಕೊಚ್ಚಿಯಿಂದ ಹೊರಡುವ ಸರ್ಕಾರಿ ‘ಸಮುದ್ರಂ’ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ. ಆ ದ್ವೀಪಸಮೂಹದ ಉತ್ತರದ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನಿಂದಲೇ ಅವುಗಳ ಆಡಳಿತ ನಡೆಯುತ್ತಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ. ಆದರೆ ಅಲ್ಲಿ ಹವಳದ ದಿಬ್ಬಗಳ ಹೊರಗೇ ಹಡಗು ನಿಲ್ಲುತ್ತದೆ. ಅಲುಗುವ ಹಡಗಿನಿಂದ ಅಲುಗುವ ಸಣ್ಣ ದೋಣಿಗೆ ಇಳಿಯಬೇಕು, ಪ್ರವೇಶದ ಪರವಾನಗಿಯನ್ನು ಮುಂಚೆಯೇ ಪಡೆಯಬೇಕು. ಹೆಜ್ಜೆ ಗಟ್ಟಿಯಾದ, ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಅದು ಸರಿ. ಮೊದಲ ಯಾನಕ್ಕೆ ಬೇಡ.

ಮೊದಲ ಯಾನಕ್ಕೆ ನನ್ನ ತೀರ್ಪು ಇದು: ಜನವರಿ ಅಥವಾ ಫೆಬ್ರವರಿ, ಮೂರು ರಾತ್ರಿ, ಒಂದು ಬಂದರು, ಒಂದು ಪೂರ್ಣ ಸಮುದ್ರದ ದಿನ, ನಡುಭಾಗದ ಕೆಳಡೆಕ್ಕಿನಲ್ಲಿ ಕಿಟಕಿಯ ಕೋಣೆ. ಇವಿಷ್ಟು ಕೂಡಿಬರದಿದ್ದರೆ ಇನ್ನೊಂದು ತಿಂಗಳು ಕಾಯಿರಿ. ದರ ಕಡಿಮೆಯೆಂದು ಜೂನ್ ತಿಂಗಳ ಟಿಕೆಟ್ ಮಾತ್ರ ಕೊಳ್ಳಬೇಡಿ.