‘ಸರಾಗ ಉಸಿರಾಟ’ದ ಏರ್ ಫಿಲ್ಟರ್: ಪೆಟ್ಟಿಗೆಯ ಮೇಲಿನ ಬರಹದ ವಿಮರ್ಶೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಡೂರು–ಹೊಸಪೇಟೆ ಭಾಗದಲ್ಲಿ ಪಿಕಪ್ ವಾಹನ ಓಡಿಸುತ್ತಾನೆ. ಬಿ.ಎಸ್‌ಸಿ.ಯಲ್ಲಿ ಭೌತವಿಜ್ಞಾನ ಓದಿದವನು. ಗಣಿಗಳ ವರ್ಕ್‌ಶಾಪುಗಳಿಗೆ ಬಿಡಿಭಾಗಗಳನ್ನೂ ಗ್ಯಾಸ್ ಸಿಲಿಂಡರುಗಳನ್ನೂ ಸಾಗಿಸುವುದು ಅವನ ಕಸುಬು. ಕಳೆದ ಬೇಸಿಗೆಯಲ್ಲಿ ಮನೆಗೆ ಬಂದವನು ಬಣ್ಣದ ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. ಕಂಪನಿಯಿಂದ ಬಂದ ಕಾಗದದ ಏರ್ ಫಿಲ್ಟರನ್ನು ತೆಗೆದು, ಅದರ ಜಾಗದಲ್ಲಿ ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿದ್ದಾನೆ. ಬೆಲೆ ಕಾಗದದ್ದಕ್ಕಿಂತ ಹಲವು ಪಟ್ಟು. “ಗಾಡಿ ಹಗುರಾಗಿ ಎಳಿತೈತ್ರೀ ಸರ್, ಆದ್ರ ಇದು ಖರೇನೋ ನನ್ನ ಭ್ರಮೆನೋ ನೀವ ಹೇಳ್ಬೇಕು” ಎಂದ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮೂರು ಸಾಲುಗಳಿದ್ದವು. ನಿಮ್ಮ ಎಂಜಿನ್ ಸರಾಗವಾಗಿ ಉಸಿರಾಡಲಿ: ಹೆಚ್ಚು ಗಾಳಿ, ಹೆಚ್ಚು ಶಕ್ತಿ. ಮೈಲೇಜ್ ಹೆಚ್ಚಳ. ತೊಳೆದು ಮತ್ತೆ ಮತ್ತೆ ಬಳಸಿ, ಜೀವನಪರ್ಯಂತ ಬಾಳಿಕೆ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ಶೋಧನ ದಕ್ಷತೆ ಶೇ. 97ಕ್ಕಿಂತ ಹೆಚ್ಚು. ಇಂಥ ಬರಹ ಯಾವುದೋ ಒಂದು ಕಂಪನಿಯ ಸೊತ್ತಲ್ಲ. ಆರೇಳು ಲೀಟರಿನ ಟರ್ಬೊ ಡೀಸೆಲ್ ಪಿಕಪ್‌ಗಳು ಜನಪ್ರಿಯವಾಗಿರುವ ಅಮೆರಿಕದಲ್ಲಿ ಇದರದೇ ದೊಡ್ಡ ಮಾರುಕಟ್ಟೆಯಿದೆ. ಈಗ ನಮ್ಮ ಬಿಡಿಭಾಗದ ಅಂಗಡಿಗಳಲ್ಲೂ ಕಾಣುತ್ತದೆ. ಆದ್ದರಿಂದ ಕಂಪನಿಯನ್ನು ಬದಿಗಿಟ್ಟು ಹೇಳಿಕೆಗಳನ್ನಷ್ಟೇ ಪರಿಶೀಲಿಸೋಣ.

ಮೊದಲು ‘ಉಸಿರಾಟ’ ಎಂಬ ರೂಪಕ. ಮೂಗು ಕಟ್ಟಿದವನು ಓಡಲಾರ, ಹಾಗೆಯೇ ಎಂಜಿನ್ನೂ ಎಂಬುದು ಅದರ ಇಂಗಿತ. ಟರ್ಬೊ ಎಂಜಿನ್ ಹೀಗೆ ಉಸಿರಾಡುವುದಿಲ್ಲ. ಹೊಗೆಯ ಶಕ್ತಿಯಿಂದ ತಿರುಗುವ ಒಂದು ಚಕ್ರ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ; ಅದು ಗಾಳಿಯನ್ನು ಸಿಲಿಂಡರುಗಳಿಗೆ ಒತ್ತಿ ತುಂಬುತ್ತದೆ. ಫಿಲ್ಟರಿನಲ್ಲಿ ಒತ್ತಡ ಸ್ವಲ್ಪ ಕುಸಿದರೆ ಟರ್ಬೊ ಇನ್ನಷ್ಟು ದುಡಿದು ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಎಷ್ಟು ಕುಸಿತ? ಲೆಕ್ಕ ಹಾಕೋಣ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ತುಂಬಿಕೊಳ್ಳುತ್ತದೆ. 2.5 ಲೀಟರಿನ ಎಂಜಿನ್ ನಿಮಿಷಕ್ಕೆ 3,200 ಸುತ್ತು ತಿರುಗಿದರೆ 1,600 ಸಲ ತುಂಬಿಕೊಳ್ಳುತ್ತದೆ, ಅಂದರೆ 4,000 ಲೀಟರ್. ಟರ್ಬೊ ಇರುವುದರಿಂದ ಪೂರ್ಣ ಹೊರೆಯಲ್ಲಿ ಇದರ ಸುಮಾರು ಒಂದೂವರೆ ಪಟ್ಟು, 6,000 ಲೀಟರ್ ಎನ್ನೋಣ. ಸೆಕೆಂಡಿಗೆ 100 ಲೀಟರ್, ಅಂದರೆ 0.1 ಘನಮೀಟರ್. ಮಡಿಕೆ ಮಡಿಕೆಯಾಗಿರುವ ಫಿಲ್ಟರ್ ಕಾಗದವನ್ನು ಬಿಡಿಸಿ ಹರಡಿದರೆ ಒಂದು ಚದರ ಮೀಟರ್ ಆಗುತ್ತದೆಂದು ಇಟ್ಟುಕೊಳ್ಳಿ. ಆಗ ಕಾಗದದ ಮೂಲಕ ಗಾಳಿಯ ವೇಗ ಸೆಕೆಂಡಿಗೆ ಬರೀ 10 ಸೆಂಟಿಮೀಟರ್. ಮಡಿಕೆಗಳ ಗುಟ್ಟು ಇದೇ. ಫ್ರಾನ್ಸಿನ ದಿಜೋಂ ಪಟ್ಟಣದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನ ಮೂಲಕ ಹರಿಯುವ ನೀರಿಗೆ ಕಂಡುಕೊಂಡ ನಿಯಮ ಇಲ್ಲಿಗೂ ಹೊಂದುತ್ತದೆ: ಸಣ್ಣ ರಂಧ್ರಗಳಲ್ಲಿ ನಿಧಾನವಾಗಿ ಹರಿಯುವಾಗ ಒತ್ತಡದ ಕುಸಿತ ವೇಗಕ್ಕೆ ಅನುಪಾತದಲ್ಲಿರುತ್ತದೆ. ಅಗಲವಾದ ಕಾಗದ ಕೊಟ್ಟರೆ ವೇಗ ಕಡಿಮೆ, ಕುಸಿತವೂ ಕಡಿಮೆ. ಫಿಲ್ಟರ್ ಡಬ್ಬಿಗೆ ಬರುವ ಕಿರಿದಾದ ಕೊಳವೆಯಲ್ಲಿ ಹಾಗಲ್ಲ. ಅಲ್ಲಿ ಕುಸಿತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಟ್ಟು ಕುಸಿತದಲ್ಲಿ ಕೊಳವೆಯ ಪಾಲೂ ಇದೆ, ಫಿಲ್ಟರ್ ಬದಲಿಸಿದರೆ ಆ ಪಾಲು ಬದಲಾಗುವುದಿಲ್ಲ.

ಹತ್ತಿಬಟ್ಟೆಯ ಫಿಲ್ಟರಿನಿಂದ 1 ಕಿಲೋಪಾಸ್ಕಲ್ ಉಳಿಯಿತು ಎಂದು ಉದಾರವಾಗಿಯೇ ಒಪ್ಪಿಕೊಳ್ಳೋಣ. 1,000 ಪಾಸ್ಕಲನ್ನು 0.1 ಘನಮೀಟರಿನಿಂದ ಗುಣಿಸಿದರೆ 100 ವ್ಯಾಟ್. ಕಂಪ್ರೆಸರಿನ ಅದಕ್ಷತೆಯನ್ನೆಲ್ಲ ಸೇರಿಸಿದರೂ 200 ವ್ಯಾಟಿನ ಆಸುಪಾಸು. ಎಂಜಿನ್ನಿನ ಸಾಮರ್ಥ್ಯ 50 ಕಿಲೋವ್ಯಾಟ್, ಎಂದರೆ 50,000 ವ್ಯಾಟ್. ಗಳಿಕೆ ಶೇಕಡಾ ಅರ್ಧಕ್ಕಿಂತ ಕಡಿಮೆ, ಅದೂ ಪೂರ್ಣ ಹೊರೆಯಲ್ಲಿ ಮಾತ್ರ. ಇನ್ನೊಂದು ರೀತಿಯಲ್ಲಿ ನೋಡಿ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ 920 ಮೀಟರ್ ಎತ್ತರದ ಬೆಂಗಳೂರಿಗೆ ಬರುವ ವಾಹನ ವಾತಾವರಣದ ಒತ್ತಡದಲ್ಲೇ ಸುಮಾರು 10 ಕಿಲೋಪಾಸ್ಕಲ್ ಕಳೆದುಕೊಂಡಿರುತ್ತದೆ. 1 ಕಿಲೋಪಾಸ್ಕಲ್ ಎಂದರೆ ಸುಮಾರು 90 ಮೀಟರ್ ಎತ್ತರ. ದುಬಾರಿ ಫಿಲ್ಟರ್ ಹಾಕಿಸಿಕೊಂಡವನು ತನ್ನ ಊರನ್ನು 90 ಮೀಟರ್ ತಗ್ಗಿಗೆ ಇಳಿಸಿಕೊಂಡಿದ್ದಾನೆ, ಅಷ್ಟೆ!

ಇದಕ್ಕಿಂತ ಮೂಲಭೂತವಾದ ತಕರಾರು ಬೇರೆ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಚಾಲಕನ ಕಾಲು ಗಾಳಿಯ ಕವಾಟವನ್ನು ತೆರೆಯುತ್ತದೆ; ಇಂಧನ ಗಾಳಿಯನ್ನು ಹಿಂಬಾಲಿಸುತ್ತದೆ. ಡೀಸೆಲ್ಲಿನಲ್ಲಿ ಕಾಲು ನಿಯಂತ್ರಿಸುವುದು ಇಂಧನವನ್ನು. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಸಾಕು. ಪೂರ್ಣ ಹೊರೆಯಲ್ಲೂ ಎಂಜಿನ್ನಿಗೆ ಇದಕ್ಕಿಂತ ಸಾಕಷ್ಟು ಹೆಚ್ಚು ಗಾಳಿ ಸಿಗುತ್ತದೆ. ಹಗುರ ಹೊರೆಯಲ್ಲಂತೂ ಹಲವು ಪಟ್ಟು. ಮೊದಲೇ ಮಿಗತೆಯಿರುವ ಗಾಳಿಗೆ ಇನ್ನಷ್ಟು ಸೇರಿಸಿದರೆ, ಇಂಧನವನ್ನು ಹೆಚ್ಚಿಸದ ಹೊರತು, ಶಕ್ತಿ ಎಲ್ಲಿಂದ ಬಂದೀತು? ‘ಹೆಚ್ಚು ಗಾಳಿ’ ಎಂಬುದು ನಿಜ. ಅಲ್ಪವಿರಾಮದ ಆಚೆಗಿರುವ ‘ಹೆಚ್ಚು ಶಕ್ತಿ’ ಅದರಿಂದ ತಾನಾಗಿ ಹೊರಡುವ ತೀರ್ಮಾನವಲ್ಲ. ಪೈಪೋಟಿಯ ಓಟಕ್ಕಾಗಿ ಇಂಧನದ ಪ್ರಮಾಣವನ್ನೇ ಏರಿಸಿದ ವಾಹನಗಳ ಮಾತು ಬೇರೆ. ಅಲ್ಲಿ ಮೂಲ ಫಿಲ್ಟರ್ ಸಾಲದೆ ಹೋಗಬಹುದು.

ಮೈಲೇಜಿನ ನಂಬಿಕೆಗೆ ಒಂದು ಇತಿಹಾಸವಿದೆ. ಹಳೆಯ ಕಾರ್ಬುರೇಟರ್ ವಾಹನಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಗಾಳಿಗೆ ಹೋಲಿಸಿ ಪೆಟ್ರೋಲ್ ಹೆಚ್ಚಾಗಿ ಹೋಗಿ ಕಪ್ಪು ಹೊಗೆ ಬರುತ್ತಿತ್ತು, ಮೈಲೇಜ್ ಬೀಳುತ್ತಿತ್ತು. ನಮ್ಮ ತಲೆಮಾರಿನವರು ಅದನ್ನು ಕಣ್ಣಾರೆ ಕಂಡಿದ್ದೇವೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಧುನಿಕ ಪೆಟ್ರೋಲ್ ಕಾರುಗಳ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ನೋಡಿದರು. ವೇಗೋತ್ಕರ್ಷ ಕುಗ್ಗಿತು, ಮೈಲೇಜ್ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಡೀಸೆಲ್ಲಿನಲ್ಲಿ ಗಾಳಿಯ ಕವಾಟದ ಅಡ್ಡಿ ಇಲ್ಲವಾದ್ದರಿಂದ ಫಲಿತಾಂಶ ಬೇರೆಯಾಗಬಹುದೆಂಬ ಸಂಶಯವಿತ್ತು. ಅದೇ ಪ್ರಯೋಗಾಲಯದವರು ಮೂರು ಟರ್ಬೊ ಡೀಸೆಲ್ ವಾಹನಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಫಿಲ್ಟರಿನ ಸ್ಥಿತಿಗೆ ಮೈಲೇಜ್ ಅಷ್ಟಾಗಿ ಸ್ಪಂದಿಸಲಿಲ್ಲ. ಕಟ್ಟಿಕೊಂಡ ಫಿಲ್ಟರೇ ಇಷ್ಟು ಕಡಿಮೆ ವ್ಯತ್ಯಾಸ ಮಾಡುವಾಗ, ಹೊಸ ಕಾಗದಕ್ಕೂ ಹೊಸ ಬಟ್ಟೆಗೂ ನಡುವಿನ ವ್ಯತ್ಯಾಸವನ್ನು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕುವ ವಿಧಾನದಿಂದ ಹಿಡಿಯಲಾಗದು. 50 ಲೀಟರ್ ತುಂಬಿಸುವಾಗ ಪಂಪಿನವನ ಕೈ ಅರ್ಧ ಲೀಟರ್ ಆಚೀಚೆ ಆದರೆ ಅದೇ ಶೇ. 1 ದೋಷ. ಹೊರೆ, ಗಾಳಿಯ ದಿಕ್ಕು, ಟಯರಿನ ಒತ್ತಡ ಇವೆಲ್ಲ ಇನ್ನೂ ಮೇಲೆ.

ಹಾಗಾದರೆ ಗಾಡಿ ‘ಹಗುರಾಗಿ ಎಳೆದದ್ದು’ ಸುಳ್ಳೆ? ಅವನು ಸುಳ್ಳು ಹೇಳುವ ಹುಡುಗನಲ್ಲ. ಆದರೆ ಹೋಲಿಸಿದ್ದು ಯಾವುದರ ಜೊತೆ? ತಿಂಗಳುಗಟ್ಟಲೆ ಕೆಂಪು ಧೂಳು ಕುಡಿದ ಹಳೆಯ ಕಾಗದದ ಜೊತೆ. ಹೊಸ ಕಾಗದ ಹಾಕಿದ್ದರೂ ಹಾಗೆಯೇ ಅನ್ನಿಸುತ್ತಿತ್ತು. ಬಟ್ಟೆಯ ಫಿಲ್ಟರಿನಿಂದ ಟರ್ಬೊದ ಶಿಳ್ಳೆ ಜೋರಾಗಿ ಕೇಳುತ್ತದೆ ಎಂದು ಅವನೇ ಹೇಳಿದ. ಕಿವಿಗೆ ಜೋರು ಕೇಳಿದ್ದು ಮನಸ್ಸಿಗೆ ಜೋರೆನಿಸುವುದು ಸಹಜ.

ಈಗ ಸಣ್ಣಕ್ಷರದ ಸಾಲಿಗೆ ಬರುತ್ತೇನೆ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಮೇಷ್ಟರ ಕಣ್ಣಿಗೆ 97 ಒಳ್ಳೆಯ ಅಂಕ, 99.9ಕ್ಕೂ ಅದಕ್ಕೂ ಮೂರೇ ಅಂಕದ ಅಂತರ. ಆದರೆ ಎಂಜಿನ್ನಿಗೆ ಬೇಕಾದದ್ದು ಹಿಡಿದ ಧೂಳಿನ ಲೆಕ್ಕವಲ್ಲ, ಬಿಟ್ಟ ಧೂಳಿನ ಲೆಕ್ಕ. ಒಂದು ಫಿಲ್ಟರ್ ನೂರರಲ್ಲಿ 3 ಪಾಲು ಬಿಡುತ್ತದೆ, ಇನ್ನೊಂದು 0.1 ಪಾಲು. ಅಂತರ ಮೂವತ್ತು ಪಟ್ಟು. ಕಚ್ಚಾ ರಸ್ತೆಯ ಗಾಳಿಯಲ್ಲಿ ಘನಮೀಟರಿಗೆ 10 ಮಿಲಿಗ್ರಾಂ ಧೂಳಿದೆ, ಎಂಜಿನ್ ಸರಾಸರಿ ನಿಮಿಷಕ್ಕೆ 3 ಘನಮೀಟರ್ ಎಳೆಯುತ್ತದೆ ಎಂದು ಭಾವಿಸಿ. ಗಂಟೆಗೆ 1.8 ಗ್ರಾಂ, ಸಾವಿರ ಗಂಟೆಗೆ 1.8 ಕಿಲೋಗ್ರಾಂ. ಮೊದಲನೆಯ ಫಿಲ್ಟರ್ ಇದರಲ್ಲಿ 54 ಗ್ರಾಮನ್ನು ಎಂಜಿನ್ನಿಗೆ ಬಿಡುತ್ತದೆ, ಎರಡನೆಯದು 1.8 ಗ್ರಾಮನ್ನು. ಒಳ್ಳೆಯ ಕಾಗದದ ಫಿಲ್ಟರುಗಳು ಶೇ. 99ಕ್ಕಿಂತ ಸಾಕಷ್ಟು ಮೇಲಿರುತ್ತವೆ. ಪೆಟ್ಟಿಗೆಯವರು ತಮ್ಮ ಕೊರತೆಯನ್ನೇ ಹೆಗ್ಗಳಿಕೆಯ ಹಾಗೆ ಮುದ್ರಿಸಿದ್ದಾರೆ!

ಈ ಶೇಕಡಾವಾರು ಇನ್ನೊಂದು ಸಂಗತಿಯನ್ನೂ ಮುಚ್ಚಿಡುತ್ತದೆ. ಏರ್ ಫಿಲ್ಟರುಗಳ ಪರೀಕ್ಷೆಗೆ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ನಿಗದಿತ ಧೂಳನ್ನು ತೂಗಿ ಒಳಬಿಟ್ಟು, ಹಿಡಿದದ್ದೆಷ್ಟು, ದಾಟಿದ್ದೆಷ್ಟು ಎಂದು ತೂಕದಿಂದ ಲೆಕ್ಕ ಹಾಕುತ್ತಾರೆ. ಪರೀಕ್ಷಾಧೂಳಿನಲ್ಲಿ ನುಣ್ಣನೆಯದು, ಒರಟಾದದ್ದು ಎಂಬ ದರ್ಜೆಗಳಿವೆ. ಗೋಳದ ದ್ರವ್ಯರಾಶಿ ತ್ರಿಜ್ಯದ ಘನಕ್ಕೆ ತಕ್ಕಂತೆ ಏರುವುದರಿಂದ 50 ಮೈಕ್ರೋಮೀಟರಿನ ಒಂದು ಕಣ 5 ಮೈಕ್ರೋಮೀಟರಿನ ಸಾವಿರ ಕಣಗಳಿಗೆ ಸಮ. ಒರಟು ಧೂಳಿನಲ್ಲಿ ಪರೀಕ್ಷಿಸಿದರೆ ದಪ್ಪ ಕಣಗಳನ್ನು ಹಿಡಿದೇ ಒಳ್ಳೆಯ ಅಂಕ ಪಡೆಯಬಹುದು. ಯಾವ ಧೂಳು ಎಂದು ಹೇಳದ ‘ದಕ್ಷತೆ’ ಯಾವ ವಿಷಯದ್ದೆಂದು ಹೇಳದ ಅಂಕಪಟ್ಟಿಯಂತೆ. ಎಂಜಿನ್ನನ್ನು ಹೆಚ್ಚು ಸವೆಸುವುದಾದರೋ ಎಣ್ಣೆಪೊರೆಯ ದಪ್ಪಕ್ಕೆ ಹೊಂದುವ, ಕೆಲವೇ ಮೈಕ್ರೋಮೀಟರಿನಿಂದ ಇಪ್ಪತ್ತರವರೆಗಿನ ಕಣಗಳು. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಅವು ಉಜ್ಜುಕಾಗದದ ಕೆಲಸ ಮಾಡುತ್ತವೆ. ಸಂಡೂರಿನ ಕೆಂಪು ಧೂಳಿನಲ್ಲಿ ಹೆಮಟೈಟ್ ಅದಿರಿನ ಜೊತೆಗೆ ಕ್ವಾರ್ಟ್ಸ್ ಪುಡಿಯೂ ಇದೆ. ಮೋಸ್ ಕಾಠಿಣ್ಯದ ಮಾನದಲ್ಲಿ ಅದು 7, ಎರಕದ ಕಬ್ಬಿಣಕ್ಕಿಂತ ಗಡಸು. ಇನ್ನು ಟರ್ಬೊ. 5 ಸೆಂಟಿಮೀಟರ್ ವ್ಯಾಸದ ಕಂಪ್ರೆಸರ್ ಚಕ್ರ ನಿಮಿಷಕ್ಕೆ 1,20,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 300 ಮೀಟರಿಗೂ ಹೆಚ್ಚು. ಆ ವೇಗದಲ್ಲಿ ಮರಳಿನ ಕಣ ತಾಗಿದರೆ ಅಲ್ಯೂಮಿನಿಯಮ್ಮಿನ ಗತಿಯೇನು, ಊಹಿಸಿ.

ಫಿಲ್ಟರ್ ಎಂದರೆ ಜರಡಿ ಎಂಬ ತಪ್ಪು ಕಲ್ಪನೆ ಪಾಠಪುಸ್ತಕ ಓದಿದವರಲ್ಲೂ ಇದೆ. ಎಳೆಗಳ ನಡುವಿನ ಅಂತರಕ್ಕಿಂತ ಎಷ್ಟೋ ಸಣ್ಣ ಕಣಗಳೂ ಸಿಕ್ಕಿಬೀಳುತ್ತವೆ. ಗಾಳಿ ಎಳೆಯನ್ನು ಬಳಸಿ ತಿರುಗುವಾಗ ಭಾರದ ಕಣ ಜಡತ್ವದಿಂದ ನೇರ ಹೋಗಿ ಎಳೆಗೆ ಬಡಿಯುತ್ತದೆ. ಅತಿ ಸಣ್ಣದು ಬ್ರೌನಿಯನ್ ಚಲನೆಯಲ್ಲಿ ಅಲೆದಾಡಿ ತಗಲುತ್ತದೆ. ಹೀಗೆ ಸಿಕ್ಕಿಬಿದ್ದ ಧೂಳೇ ಮುಂದಿನ ಧೂಳಿಗೆ ಬಲೆಯಾಗುತ್ತದೆ. ಆದ್ದರಿಂದ ಫಿಲ್ಟರ್ ಹೊಸತಾಗಿರುವಾಗಲೇ ಅದರ ಶೋಧನೆ ಅತ್ಯಂತ ಕಳಪೆ, ಬಳಸಿದಂತೆ ಉತ್ತಮಗೊಳ್ಳುತ್ತದೆ! ‘ತೊಳೆದು ಮತ್ತೆ ಬಳಸಿ’ ಎಂದರೆ ಈ ಬಲೆಯನ್ನು ಪ್ರತಿಸಲವೂ ಹರಿದು ಹಾಕಿ ಎಂದರ್ಥ. ತೊಳೆದ ಮೇಲೆ ಸವರುವ ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ. ಅತಿಯಾದರೆ ಗಾಳಿಯ ಪ್ರಮಾಣ ಅಳೆಯುವ ಸೂಕ್ಷ್ಮ ಬಿಸಿತಂತಿಗೆ ಹೋಗಿ ಅಂಟಿ ಅಳತೆ ಕೆಡಬಹುದು. ಕಾಗದದ ಫಿಲ್ಟರಿನವರೂ ಬೀಗಬೇಕಾಗಿಲ್ಲ. ಅದನ್ನು ಟಯರಿಗೆ ಬಡಿದು, ಗ್ಯಾರೇಜಿನ ಏರ್ ಕಂಪ್ರೆಸರಿನಿಂದ ಊದಿ ‘ಕ್ಲೀನ್’ ಮಾಡುವ ಪದ್ಧತಿಯೂ ಅಷ್ಟೇ ಹಾನಿಕರ. ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳುಗಳಾಗುತ್ತವೆ.

ಕೆಲವರು ಫಿಲ್ಟರ್ ಡಬ್ಬಿಯನ್ನೇ ಕಿತ್ತು, ಬಾನೆಟ್ಟಿನೊಳಗೆ ಬಯಲಾಗಿ ಕೂರುವ ಶಂಕುವಿನಾಕಾರದ ಫಿಲ್ಟರ್ ಹಾಕಿಸುತ್ತಾರೆ. ಇದು ಇನ್ನೂ ತಮಾಷೆ. ಹೊರಗಿನ ಗಾಳಿ 30 ಡಿಗ್ರಿ, ಎಂಜಿನ್ ಪಕ್ಕದ್ದು 60 ಡಿಗ್ರಿ ಎಂದಾದರೆ ಸಾಂದ್ರತೆ 303ಕ್ಕೆ 333ರ ಅನುಪಾತದಲ್ಲಿ, ಅಂದರೆ ಶೇ. 9ರಷ್ಟು ಇಳಿಯುತ್ತದೆ. 1 ಕಿಲೋಪಾಸ್ಕಲ್ ಉಳಿಸಲು ಹೋಗಿ 9 ಕಿಲೋಪಾಸ್ಕಲಿಗೆ ಸಮನಾದದ್ದನ್ನು ಕಳೆದುಕೊಂಡ ಹಾಗೆ. ಇಂಟರ್‌ಕೂಲರ್ ಸ್ವಲ್ಪ ವಾಪಸು ಕೊಡಬಹುದು, ಪೂರ್ತಿ ಅಲ್ಲ.

ನಿಜವಾದ ಸುಧಾರಣೆಗಳೂ ಇವೆ, ಪೆಟ್ಟಿಗೆಯಲ್ಲಿ ಅವುಗಳ ಸುದ್ದಿಯಿಲ್ಲ. ಹೆಚ್ಚು ವಿಸ್ತೀರ್ಣದ ಕಾಗದದ ಫಿಲ್ಟರ್. ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಮೊದಲೇ ಬೇರ್ಪಡಿಸುವ, ಟ್ರ್ಯಾಕ್ಟರುಗಳ ತಲೆಯ ಮೇಲೆ ಕಾಣುವ ಬುರುಡೆ. ಫಿಲ್ಟರ್ ಕಟ್ಟಿಕೊಂಡಾಗ ಕೆಂಪು ಪಟ್ಟಿ ತೋರಿಸುವ ಪುಟ್ಟ ಸೂಚಕ. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಕುಸಿತ 6 ಕಿಲೋಪಾಸ್ಕಲ್ ಮುಟ್ಟುವವರೆಗೆ ಫಿಲ್ಟರ್ ಬದಲಿಸಬೇಕಾಗಿಲ್ಲ. ಇದನ್ನು ಶಾಲೆಯ ಯು-ಕೊಳವೆಯಿಂದಲೇ ಅಳೆಯಬಹುದು: 1 ಕಿಲೋಪಾಸ್ಕಲ್ ಎಂದರೆ ಸುಮಾರು 10 ಸೆಂಟಿಮೀಟರ್ ನೀರು. ಸೂಚಕದ ತೂತಿಗೆ ರಬ್ಬರ್ ಕೊಳವೆ ಸೇರಿಸಿದರಾಯಿತು. ಒಂದು ಎಚ್ಚರಿಕೆ: ನಿಂತ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಹೊರೆಯಿಲ್ಲದ ಕಾರಣ ಟರ್ಬೊ ಒತ್ತಡ ಏರುವುದಿಲ್ಲ, ಗಾಳಿಯ ಹರಿವೂ ಕಡಿಮೆ. ನಾವು ಮನೆಯ ಮುಂದೆ ಮಾಡಿ ನೋಡಿದಾಗ ಎರಡು ಫಿಲ್ಟರುಗಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಕೊಳವೆ ಬಿಚ್ಚುವಾಗ ಫಿಲ್ಟರಿನ ಆಚೆಗಿನ, ಅಂದರೆ ಶುದ್ಧ ಗಾಳಿಯ ಬದಿಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸು ಎಂದೆ. ಬಟ್ಟೆ ಕೆಂಪಾಯಿತು. ಹೊಸ ಫಿಲ್ಟರಿನ ರಬ್ಬರ್ ಅಂಚು ಡಬ್ಬಿಯ ಒಂದು ಮೂಲೆಯಲ್ಲಿ ಕೂತಿರಲಿಲ್ಲ, ಅಲ್ಲಿ ಉಗುರು ತೂರುವಷ್ಟು ಸಂದು. ಶೇ. 97 ಎಂಬುದು ಕೂಡ ಅಂಚು ಸರಿಯಾಗಿ ಕೂತಾಗಿನ ಲೆಕ್ಕ. ಅವನು ಅಲ್ಲಿಯೇ ಬಿಚ್ಚಿ, ಗಾಡಿಯ ಸೀಟಿನ ಹಿಂದೆ ಇಟ್ಟಿದ್ದ ಹೊಸ ಕಾಗದದ ಫಿಲ್ಟರ್ ಹಾಕಿ, ಸಡಿಲವಾಗಿದ್ದ ಕ್ಲಿಪ್ಪೊಂದನ್ನು ಬಿಗಿ ಮಾಡಿದ. ಬಟ್ಟೆಯ ಫಿಲ್ಟರನ್ನು ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಕೊಟ್ಟು ಹೋಗಿದ್ದಾನೆ. ಡಾರ್ಸಿ ನಿಯಮದ ಪ್ರಯೋಗಕ್ಕೆ ಈಗ ಅದನ್ನೇ ಬಳಸುತ್ತಿದ್ದೇವೆ.