ಬಣ್ಣ ಕಡಿಮೆ, ಅಂಚು ಚೊಕ್ಕ

ಸ್ಟೆನ್ಸಿಲ್ ಕೆಲಸ ಕಂಡಲ್ಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅಂಚಿಗೆ. ವಿದ್ಯುತ್ ಕಂಬದ ಮೇಲಿನ ಸಂಖ್ಯೆಯಾಗಲಿ, ಗೂಡ್ಸ್ ವ್ಯಾಗನ್ನಿನ ಅಕ್ಷರವಾಗಲಿ, ಶಾಲೆಯ ಗೋಡೆಯಲ್ಲಿ ಮೂಡಿಸಿದ ಕುವೆಂಪು ಮುಖವಾಗಲಿ, ಅಂಚು ಚೊಕ್ಕವಾಗಿದ್ದರೆ ಮಾಡಿದವರ ಕೈ ಎಂಥದ್ದೆಂದು ತಿಳಿಯುತ್ತದೆ. ಅಂಚು ಕದಡಿದ್ದರೆ ಎಷ್ಟು ಒಳ್ಳೆಯ ಚಿತ್ರವೂ ಸೋಲುತ್ತದೆ.

1981ರ ಸುಮಾರಿಗೆ ಪ್ಯಾರಿಸ್ಸಿನ ಗೋಡೆಗಳಲ್ಲಿ ಇಲಿಗಳನ್ನು ಮೂಡಿಸತೊಡಗಿದ ಬ್ಲೆಕ್ ಲ ರಾ, ಆಮೇಲೆ ಬ್ರಿಸ್ಟಲ್‌ನ ಬ್ಯಾಂಕ್ಸಿ ಕೊರೆಯಚ್ಚಿನ ಕಲೆಗೆ ಜಗತ್ತಿನ ಗಮನ ಸೆಳೆದರು. ಬ್ಯಾಂಕ್ಸಿಗೆ ಅದು ಒದಗಿಸಿದ್ದು ವೇಗ. ಕತ್ತರಿಸುವ ಕೆಲಸವೆಲ್ಲ ಮನೆಯಲ್ಲಿ ಮುಗಿದಿರುತ್ತದೆ, ಗೋಡೆಯ ಮುಂದೆ ಕೆಲವೇ ನಿಮಿಷ ಸಾಕು. ಅನುಮತಿ ಪಡೆದು ಹಗಲಿನಲ್ಲೇ ಬಣ್ಣ ಹಾಕುವ ನಮಗೆ ಆ ಅವಸರವಿಲ್ಲ. ಆದರೂ ನಮ್ಮ ಕೆಲಸ ಕೆಡುವುದು ಅವಸರದಿಂದಲೇ.

ಅಂಚು ಕೆಡುವ ಬಗೆ ಎರಡು. ಇವನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ. ಗೆರೆಯಿಂದಾಚೆ ಸಣ್ಣ ಸಣ್ಣ ಎಳೆಗಳಾಗಿ ಬಣ್ಣ ಚಾಚಿಕೊಂಡಿದ್ದರೆ ಅದು ಒಸರು. ಗೆರೆಯ ಸುತ್ತ ಮಸುಕಾದ ಪ್ರಭೆ ಕಂಡರೆ ಅದು ಹಾಳೆಯಡಿ ನುಗ್ಗಿದ ತುಂತುರು.

ಒಸರಿಗೆ ಕಾರಣ ಬಣ್ಣ ಹೆಚ್ಚಾದದ್ದು. ಹಾಳೆಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇದ್ದೇ ಇರುತ್ತದೆ. ಅಂಚಿನಲ್ಲಿ ಬಣ್ಣ ದ್ರವವಾಗಿ ನಿಂತರೆ, ಬತ್ತಿ ಎಣ್ಣೆ ಹೀರುವಂತೆ ಆ ಸಂದಿ ಅದನ್ನು ಒಳಗೆಳೆದುಕೊಳ್ಳುತ್ತದೆ. ಎಷ್ಟು ಟೇಪು ಒತ್ತಿದರೂ ಇದು ಪೂರ್ತಿ ನಿಲ್ಲದು. ಎಳೆದುಕೊಳ್ಳಲು ದ್ರವವೇ ಇಲ್ಲದಂತೆ ನೋಡಿಕೊಳ್ಳಬೇಕು. ಸ್ಪ್ರೇ ಬಣ್ಣದ ಡಬ್ಬಿಯನ್ನು 20ರಿಂದ 25 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಅಚ್ಚಿನ ಹೊರಗೇ ಒತ್ತಲು ಶುರುಮಾಡಿ, ಕೈ ನಿಲ್ಲಿಸದೆ ದಾಟಿ, ಹೊರಗೇ ಬಿಡಬೇಕು. ಮೊದಲ ಲೇಪ ಬರೀ ಛಾಯೆಯಷ್ಟು ಇದ್ದರೆ ಸಾಕು. ತಳದ ಬಣ್ಣ ಕಾಣುತ್ತಲೇ ಇರಲಿ. ಕೆಲವು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಎಷ್ಟೋ ಜನ ಆ ತೆಳು ಲೇಪ ನೋಡಿ ಧೈರ್ಯಗೆಡುತ್ತಾರೆ, ಡಬ್ಬಿಯನ್ನು ಹತ್ತಿರ ತಂದು ಒಂದೇ ಕಡೆ ಹಿಡಿದುಬಿಡುತ್ತಾರೆ. ಕೆಲಸ ಕೆಡುವುದು ಆ ಗಳಿಗೆಯಲ್ಲೇ.

ತುಂತುರಿನ ತೊಂದರೆಗೆ ಮದ್ದು ಬೇರೆ. ಹಾಳೆಯ ಹಿಂಬದಿಗೆ ಎತ್ತಿ ಮತ್ತೆ ಅಂಟಿಸಬಹುದಾದ ಸ್ಪ್ರೇ ಗೋಂದನ್ನು ತೆಳುವಾಗಿ ಹೊಡೆದು, ಹಸಿ ಹೋಗಿ ಜಿಗುಟಷ್ಟೇ ಉಳಿದ ಮೇಲೆ ಗೋಡೆಗೆ ಹಚ್ಚಿ. ಕಬ್ಬಿಣದ ಗೇಟಾದರೆ ಸಣ್ಣ ಅಯಸ್ಕಾಂತಗಳು ಹಾಳೆಯನ್ನು ಬಿಗಿಯಾಗಿ ಕೂರಿಸುತ್ತವೆ. ಡಬ್ಬಿಯ ಮೂತಿ ಗೋಡೆಗೆ ನೇರವಾಗಿರಲಿ. ಓರೆ ಹಿಡಿದರೆ ಗಾಳಿಯ ಒತ್ತಡವೇ ಅಂಚನ್ನು ಎತ್ತಿ ಒಳಗೆ ಬಣ್ಣ ಊದುತ್ತದೆ. ಸುತ್ತಲೂ ಪತ್ರಿಕೆ ಹಾಸಿ, ಧಾರಾಳವಾಗಿ. ತುಂತುರು ನಾವೆಣಿಸಿದ್ದಕ್ಕಿಂತ ದೂರ ಹೋಗುತ್ತದೆ.

ಎರಡಕ್ಕೂ ಆಗಿಬರುವ ಉಪಾಯವೊಂದು ನನಗೆ ಬಹಳ ಇಷ್ಟ. ಅಚ್ಚು ಕೂರಿಸಿದ ಮೇಲೆ ಮೊದಲು ಗೋಡೆಯದೇ ಬಣ್ಣವನ್ನು ಒಂದು ಸಲ ತೆಳುವಾಗಿ ಹೊಡೆದುಬಿಡಿ. ಒಸರುವುದಿದ್ದರೆ ಅದೇ ಒಸರಿ, ಸಂದಿ ಮುಚ್ಚಿ ಒಣಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಬರುವ ಕಪ್ಪೋ ಕೆಂಪೋ ಗೆರೆಯೊಳಗೇ ನಿಲ್ಲುತ್ತದೆ. ಮರಳು ಮರಳಾದ ಸಿಮೆಂಟು ಗೋಡೆಯಲ್ಲಿ ಮಾತ್ರ ಇದೂ ನಡೆಯದು; ಅಲ್ಲಿ ಅಕ್ಷರ ದೊಡ್ಡದು ಮಾಡಬೇಕು, ಇಲ್ಲವೇ ಗೋಡೆಗೆ ಪುಟ್ಟಿ ಹಚ್ಚಿ ನಯಗೊಳಿಸಬೇಕು.

ಹಾಳೆ ರಟ್ಟಿನದಾದರೆ ಬಣ್ಣ ಕುಡಿದು ಉಬ್ಬುತ್ತದೆ. ಪಾಲಿಯೆಸ್ಟರ್ ಹಾಳೆ ಒಳ್ಳೆಯದು. ಮನೆಯಲ್ಲಿ ಬಿದ್ದಿರುವ ಹಳೆಯ ಎಕ್ಸ್‌ರೇ ಫಿಲ್ಮ್ ಇನ್ನೂ ಒಳ್ಳೆಯದು. ಕತ್ತರಿಸುವಾಗ ಹೊಸ ಬ್ಲೇಡು, ಮೊದಲು ಚಿಕ್ಕ ರಂಧ್ರಗಳು, ಕೊನೆಗೆ ದೊಡ್ಡವು. ತಿರುವುಗಳಲ್ಲಿ ಕೈ ತಿರುಗಿಸಬೇಡಿ, ಹಾಳೆ ತಿರುಗಿಸಿ.

ಕನ್ನಡ ಅಕ್ಷರ ಕತ್ತರಿಸುವವರಿಗೆ ಇಲ್ಲಿಂದ ಮುಂದೆ ಬೇರೆಯದೇ ಪರೀಕ್ಷೆ. ನಮ್ಮ ಲಿಪಿಯೇ ದುಂಡು. ‘ರ’ದ ಹೊಟ್ಟೆ, ಅನುಸ್ವಾರದ ಸೊನ್ನೆ, ಇವುಗಳ ಒಳಗಿನ ತುಂಡು ಕತ್ತರಿಸಿದೊಡನೆ ಉದುರಿಹೋಗುತ್ತದೆ. ಅದನ್ನು ಹಿಡಿದಿಡಲು ಕೊಂಡಿ ಬಿಡಬೇಕು. ‘ಠ’ದಲ್ಲಿ ಆ ತುಂಡಿನ ನಡುವೆ ಚುಕ್ಕಿ ಬೇರೆ, ತುಂಡು ಬಿದ್ದರೆ ‘ರ’ ಯಾವುದು, ‘ಠ’ ಯಾವುದು ಎಂದೇ ಗೊತ್ತಾಗದು. ತಲೆಕಟ್ಟು ಕೂಡುವ ಜಾಗದಲ್ಲಿ ಕೊಂಡಿ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಕ್ಷರದ ಗುರುತು ಇರುವುದೇ ಅಲ್ಲಿ. ಎಡಕ್ಕೊಂದು, ಬಲಕ್ಕೊಂದು, ತುಸು ಓರೆಯಾಗಿ ಬಿಟ್ಟರೆ ದುಂಡುತನ ಉಳಿಯುತ್ತದೆ. ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ ಮೂರು ನಾಲ್ಕು ಮಿಲಿಮೀಟರ್ ಅಗಲದ ಕೊಂಡಿ ಬೇಕು. ಅದಕ್ಕಿಂತ ಸಣ್ಣದಾದರೆ ಬಣ್ಣ ಒರೆಸುವಾಗ ಹರಿಯುತ್ತದೆ.

‘ಧ’, ‘ಫ’ಗಳ ಕೆಳಗಿನ ಸೀಳನ್ನು ಕೈಬರಹದಲ್ಲಿ ಬರೆಯುವುದಕ್ಕಿಂತ ಅಗಲವಾಗಿ ಕತ್ತರಿಸಿ, ಇಲ್ಲದಿದ್ದರೆ ಒಣಗಿದ ಬಣ್ಣ ಕಟ್ಟಿಕೊಂಡು ಸೀಳು ಮುಚ್ಚಿ ಮಹಾಪ್ರಾಣವೇ ಹೋಗುತ್ತದೆ. ಒತ್ತಕ್ಷರದ ಕಷ್ಟ ಇನ್ನೂ ಸೂಕ್ಷ್ಮ. ಮೇಲಿನ ಅಕ್ಷರಕ್ಕೂ ಒತ್ತಿಗೂ ನಡುವೆ ಉಳಿಯುವ ಹಾಳೆ ತೀರ ಸಣ್ಣ ಪಟ್ಟಿ. ಅದು ಗಾಳಿಗೆ ಏಳುತ್ತದೆ, ತುಂತುರು ನುಗ್ಗುವುದು ಅಲ್ಲಿಯೇ. ಒತ್ತನ್ನು ಸ್ವಲ್ಪ ಕೆಳಗಿಳಿಸಿ ಬರೆದುಕೊಂಡರೆ ಪಟ್ಟಿ ಗಟ್ಟಿಯಾಗುತ್ತದೆ, ಓದಿಗೂ ತೊಂದರೆಯಿಲ್ಲ.

ಹವೆಯ ಮಾತೂ ಇದೆ. ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ ಬಣ್ಣದ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಕೂತು, ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಕಲಬುರಗಿಯ ಮಟಮಟ ಮಧ್ಯಾಹ್ನ ಹನಿ ಗೋಡೆ ಮುಟ್ಟುವ ಮೊದಲೇ ಒಣಗಿ ಪುಡಿಯಾಗಿ ಕೂರುತ್ತದೆ. ಇಬ್ಬನಿ ಆರಿದ ಮೇಲಿನ ಬೆಳಗು ಒಳ್ಳೆಯ ಹೊತ್ತು. ಡಬ್ಬಿಯೊಳಗಿನ ಗೋಲಿ ಸದ್ದು ಮಾಡತೊಡಗಿದ ಮೇಲೂ ಒಂದೆರಡು ನಿಮಿಷ ಅಲ್ಲಾಡಿಸಿ, ಮೊದಲ ಚಿಮ್ಮು ಬೇಡದ ರಟ್ಟಿನ ಮೇಲೆ ಬೀಳಲಿ. ಬಣ್ಣ ಜಿಗುಟು ಕಳೆದುಕೊಳ್ಳುತ್ತಿದ್ದಂತೆ ಅಚ್ಚನ್ನು ಎಳೆಯದೆ, ಜಾರಿಸದೆ, ಒಂದು ಮೂಲೆಯಿಂದ ಮೇಲಕ್ಕೆತ್ತಿ.

ಶಾಲೆಗಳಲ್ಲಿ ಇದನ್ನು ಮಾಡಿಸುವ ಮೇಷ್ಟ್ರುಗಳಿಗೆ ಒಂದು ಮನವಿ. ಬಟ್ಟೆಯ ಮಾಸ್ಕು ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇಂಗಾಲದ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕತ್ತರಿಸುವುದು, ಕೊಂಡಿ ಎಲ್ಲಿ ಬಿಡಬೇಕೆಂದು ಯೋಚಿಸುವುದು ಮಕ್ಕಳಿಗಿರಲಿ. ಡಬ್ಬಿ ಮಾತ್ರ ದೊಡ್ಡವರ ಕೈಯಲ್ಲಿರಲಿ, ಬಯಲಿನಲ್ಲಿ, ಬಿಸಿಲಿಗೆ ಕಾಯದ ಜಾಗದಲ್ಲಿ.